ಡಾಂಬರು ರಸ್ತೆಯೊಳಗೆ ಮಳೆ ನೀರು ಎಷ್ಟು ಇಳಿಯುತ್ತೆ? ಅಳೆಯೋದು ಹೇಗೆ ಗೊತ್ತಾ?

ಮುಂಬೈ: ಜೋರು ಮಳೆ ನಿಂತ ಮೇಲೆ ಪವಾಯಿಯ ಒಳರಸ್ತೆಗಳಲ್ಲಿ ಒಮ್ಮೆ ನಡೆದು ನೋಡಿ. ಒಂದು ಕಡೆ ಡಾಂಬರು ಬೇಗ ಒಣಗಿರುತ್ತದೆ, ಇನ್ನೊಂದು ಕಡೆ ಬಿಸಿಲು ಬಂದರೂ ನೀರು ಜಿನುಗುತ್ತಲೇ ಇರುತ್ತದೆ. ಮುಂದೆ ಗುಂಡಿ ಬೀಳುವ ಸಾಧ್ಯತೆ ಹೆಚ್ಚಿರುವುದು ಆ ಜಿನುಗುವ ಜಾಗದಲ್ಲೇ.

ಡಾಂಬರಿನಲ್ಲಿ ಜಲ್ಲಿಗಳ ನಡುವೆ ಸಣ್ಣ ರಂಧ್ರಗಳಿರುತ್ತವೆ. ಮಾಮೂಲಿ ರಸ್ತೆಯ ಮಿಶ್ರಣವನ್ನು ಇವು ಶೇ. 3ರಿಂದ 5ರಷ್ಟಿರುವಂತೆ ವಿನ್ಯಾಸ ಮಾಡುತ್ತಾರೆ. ರೋಲರ್ ಕೆಲಸ ಅರೆಬರೆಯಾಗಿ ಶೇ. 8ರ ಆಸುಪಾಸು ದಾಟಿದರೆ ರಂಧ್ರಗಳು ಒಂದಕ್ಕೊಂದು ಕೂಡಿ ನೀರಿಗೆ ದಾರಿಯಾಗುತ್ತವೆ. ಒಳಹೊಕ್ಕ ನೀರು ಜಲ್ಲಿಗೆ ಅಂಟಿದ ಡಾಂಬರನ್ನು ಬಿಡಿಸುತ್ತದೆ. ಉಳಿದ ಕೆಲಸವನ್ನು ಬಸ್ಸು, ಲಾರಿಯ ಚಕ್ರಗಳು ಮುಗಿಸುತ್ತವೆ.

ಪರೀಕ್ಷೆ ಹೇಗೆ?

ರಸ್ತೆಯಿಂದ ಕೊರೆದು ತೆಗೆದ ದುಂಡನೆಯ ತುಂಡಿನ ಸುತ್ತ ರಬ್ಬರ್ ಹೊದಿಕೆ ಬಿಗಿಯುತ್ತಾರೆ. ಇಲ್ಲದಿದ್ದರೆ ನೀರು ಪಕ್ಕದಿಂದ ನುಸುಳಿ ಲೆಕ್ಕವೇ ಹಾಳು. ಒಳಗಿನ ಗಾಳಿಯನ್ನೂ ಮೊದಲೇ ಹೊರದೂಡಿ, ತುಂಡನ್ನು ನೀರಿನಲ್ಲಿ ನೆನೆಸಿರಬೇಕು. ಬಳಿಕ ಮೇಲಿನ ಗಾಜಿನ ಕೊಳವೆಗೆ ನೀರು ತುಂಬಿ, ಒಂದು ಗುರುತಿನಿಂದ ಇನ್ನೊಂದಕ್ಕೆ ಇಳಿಯಲು ಹಿಡಿದ ಸಮಯ ನೋಡುತ್ತಾರೆ. ಮಟ್ಟ ಇಳಿದಂತೆ ಒತ್ತಡವೂ ತಗ್ಗುವುದರಿಂದ ಸೂತ್ರದಲ್ಲಿ ಲಾಗರಿದಮ್ ಬರುತ್ತದೆ. ಮೂಲ ತತ್ವ ಮಾತ್ರ ಫ್ರಾನ್ಸ್‌ನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ್ದೇ. ರಸ್ತೆ ಕೊರೆಯದೆ, ಕೊಳವೆಯ ಬುಡಕ್ಕೆ ಸೋರದಂತೆ ಮೆತ್ತಿ ಸ್ಥಳದಲ್ಲೇ ಅಳೆಯುವ ಉಪಕರಣವೂ ಇದೆ. ಆದರೆ ಅಲ್ಲಿ ನೀರು ಅಡ್ಡಕ್ಕೂ ಹರಿಯುವುದರಿಂದ ಅಂಕಿ ಅಂದಾಜಿನದ್ದು.

ನೀರು ಇಳಿಯಲೇಬೇಕಾದ ರಸ್ತೆಯೂ ಇದೆ!

ಮೇಲ್ಪದರದಲ್ಲಿ ಬೇಕೆಂದೇ ಶೇ. 18ಕ್ಕೂ ಹೆಚ್ಚು ರಂಧ್ರ ಬಿಡುವ ಡಾಂಬರು ಇದೆ. ಇದರಲ್ಲಿ ನೀರಿನ ವೇಗ ದಿನಕ್ಕೆ 100 ಮೀಟರ್ ಇರಬೇಕೆಂಬುದು ರೂಢಿಯ ಮಾನದಂಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಸುರಿದದ್ದು 944 ಮಿ.ಮೀ. ಅಂದರೆ ಕಾಗದದ ಮೇಲೆ ಇದರ ಸಾಮರ್ಥ್ಯ ಆ ಮಳೆಯ ನೂರು ಪಟ್ಟು!

ಹಾಗಾದರೆ ಮುಂಬೈಗೆ ಇದನ್ನೇ ಹಾಕಬಾರದೇ? ಸಮಸ್ಯೆ ಇರುವುದು ಕೆಳಗೆ. ಈ ಪದರದ ಅಡಿಯಲ್ಲಿ ಸಾಮಾನ್ಯವಾಗಿ ನೀರು ಬಿಡದ ಡಾಂಬರೇ ಇರುತ್ತದೆ. ಇಳಿದ ನೀರು ಅಡ್ಡಕ್ಕೆ ಹರಿದು ಚರಂಡಿ ಸೇರಬೇಕು, ಚರಂಡಿಯೇ ತುಂಬಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ಮೇಲಾಗಿ ಕಟ್ಟಡ ಕಾಮಗಾರಿಯ ಧೂಳು, ಕೆಸರು ರಂಧ್ರಗಳನ್ನು ಮುಚ್ಚುತ್ತವೆ. ಹೀಗಾಗಿ ಹೊಸ ರಸ್ತೆಯಲ್ಲಿ ಸಿಕ್ಕ ಅಂಕಿಯನ್ನು ನಂಬಿ ಕೂರುವಂತಿಲ್ಲ, ಒಂದೆರಡು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಕೊಳವೆ ಇಟ್ಟು ಅಳೆಯಬೇಕು.