ಅಂಚಿನ ಬದಿಗೆ ಕೂತ ಚಾಲಕ

ಕೆರಿಬಿಯನ್ ಕಡಲಿನ ಸೇಂಟ್ ಥಾಮಸ್ ದ್ವೀಪದ ಹ್ಯಾವೆನ್‌ಸೈಟ್ ಹಡಗುಕಟ್ಟೆಯಿಂದ ಹೊರಗೆ ಬಂದರೆ ಸಫಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಅಲ್ಲಿ ಸಫಾರಿ ಎಂದರೆ ಟ್ಯಾಕ್ಸಿ. ದೊಡ್ಡ ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಅಡ್ಡಡ್ಡ ಬೆಂಚು ಜೋಡಿಸಿ, ಮೇಲೊಂದು ಚಾವಣಿ ಹಾಕಿ, ಎರಡೂ ಪಕ್ಕಗಳನ್ನು ಗಾಳಿಗೆ ಬಿಟ್ಟ ಗಾಡಿ. ಗಾಢ ಬಣ್ಣ, ಜೋರು ಸಂಗೀತ, ಇಪ್ಪತ್ತರ ಆಸುಪಾಸು ಜನ. ತಲೆಗೆ ಇಷ್ಟೆಂದು ಸರ್ಕಾರ ಗೊತ್ತುಮಾಡಿದ ದರ. ಗಾಡಿ ತುಂಬುವ ತನಕ ಹೊರಡುವ ಸುಳಿವಿಲ್ಲ. ಹೊರಟಿತೆಂದರೆ ಷಾರ್ಲಟ್ ಅಮಾಲಿ ಪಟ್ಟಣದ ಬೆನ್ನಿಗೇ ನಿಂತ ಬೆಟ್ಟದ ಮೇಲೆ ಒಂದೇ ಉಸಿರಿಗೆ ಏರತೊಡಗುತ್ತದೆ.

ಏರಿನಲ್ಲಿ ಎರಡು ತಿರುವು ಕಳೆಯುವಷ್ಟರಲ್ಲಿ ಕಣ್ಣಿಗೆ ಏನೋ ತಪ್ಪಾದಂತೆ ಅನ್ನಿಸುತ್ತದೆ. ಸಫಾರಿ ರಸ್ತೆಯ ಎಡಗಡೆ ಓಡುತ್ತಿದೆ, ನಮ್ಮೂರಿನ ಹಾಗೆ. ಸ್ಟೀರಿಂಗ್ ಕೂಡ ಎಡಕ್ಕೇ ಇದೆ, ಅಮೆರಿಕದ ಹಾಗೆ. ಎರಡೂ ಒಂದೇ ಗಾಡಿಯಲ್ಲಿ! ಆಗುಂಬೆ ಘಾಟಿಯಲ್ಲಿ ಕೆಎಸ್‌ಆರ್‌ಟಿಸಿ ಚಾಲಕ ರಸ್ತೆಯ ನಡುಗೆರೆಯ ಬದಿಗೆ ಕೂತಿರುತ್ತಾನೆ, ಎದುರಿನಿಂದ ಬರುವ ಲಾರಿಯ ಮೂತಿ ಮೊದಲು ಕಾಣುವುದು ಅವನಿಗೆ. ಇಲ್ಲಿ ಚಾಲಕನ ಮೊಣಕೈ ಚಾಚಿರುವುದು ಪ್ರಪಾತದ ಕಡೆಗೆ. ಎದುರು ಬರುವ ವಾಹನ ಅವನಿಗಿಂತ ಮೊದಲು ಕಾಣುವುದು ಬಲತುದಿಯಲ್ಲಿ ಕೂತು ಫೋಟೊ ತೆಗೆಯುತ್ತಿರುವ ಪ್ರವಾಸಿಗನಿಗೆ.

ಇಂಥ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತು ಎಂದು ಹುಡುಕಹೊರಟರೆ ಉತ್ತರ ಯಾರ ತಲೆಯಲ್ಲೂ ಇಲ್ಲ. ಸೇಂಟ್ ಥಾಮಸ್ ಮತ್ತು ಅದರ ಜೊತೆಯ ದ್ವೀಪಗಳು ಹಿಂದೆ ಡೆನ್ಮಾರ್ಕಿನವಾಗಿದ್ದವು. 1917ರ ಮಾರ್ಚ್ 31ರಂದು ಅಮೆರಿಕ ಅವನ್ನು 2.5 ಕೋಟಿ ಡಾಲರ್ ಚಿನ್ನ ಕೊಟ್ಟು ಕೊಂಡಿತು. ಮಾರಿದ ಡೆನ್ಮಾರ್ಕ್ 1793ರಿಂದಲೇ ಬಲಗಡೆ ಓಡುವ ದೇಶ. ಕೊಂಡ ಅಮೆರಿಕವೂ ಬಲಗಡೆಯದೇ. ನಡುವೆ ಕೈ ಬದಲಾದ ದ್ವೀಪ ಮಾತ್ರ ಎಡಗಡೆ! ಅಮೆರಿಕದ ಬಾವುಟದ ಕೆಳಗೆ ಎಡಗಡೆ ಓಡುವ ನೆಲ ಇದೊಂದೇ. ಕಾರುಗಳು ಅಮೆರಿಕದಿಂದ ಬಂದವು, ಬರುವಾಗ ತಮ್ಮ ಎಡ ಸ್ಟೀರಿಂಗನ್ನೂ ತಂದವು. ಅಭ್ಯಾಸವನ್ನು ಬದಲಿಸಲು ಯಾರೂ ಹೋಗಲಿಲ್ಲ.

ಎಡಗಡೆಯ ಅಭ್ಯಾಸ ಬಂದದ್ದೆಲ್ಲಿಂದ ಎಂಬುದಕ್ಕೆ ಪ್ರವಾಸಿ ಮಾರ್ಗದರ್ಶಿಗಳ ಬಳಿ ಕತ್ತೆಯ ಕಥೆ ಸಿದ್ಧವಾಗಿದೆ. ಸರಕು ಹೊತ್ತ ಕತ್ತೆಗಳಿಗೆ ಎಡಗಡೆ ನಡೆದು ರೂಢಿಯಾಗಿತ್ತು, ಅವು ಹಟ ಬಿಡಲಿಲ್ಲ, ಸರ್ಕಾರವೇ ಸೋತಿತು ಎಂಬ ಕಥೆ. ಕೇಳಲು ಸೊಗಸು, ನಂಬಲು ಕಷ್ಟ. ಜಗತ್ತಿನ ಬೇರೆ ಯಾವ ಊರಿನ ಕತ್ತೆಯೂ ಸಂಚಾರ ನಿಯಮ ಬರೆದ ದಾಖಲೆಯಿಲ್ಲ. ಸುತ್ತಲಿನ ಬ್ರಿಟಿಷ್ ದ್ವೀಪಗಳ ಒಡನಾಟ, ನೆಪೋಲಿಯನ್ ಯುದ್ಧಗಳ ಕಾಲದಲ್ಲಿ 1807ರಿಂದ 1815ರವರೆಗೆ ಬ್ರಿಟಿಷರೇ ಇಲ್ಲಿ ಬಿಡಾರ ಹೂಡಿದ್ದು, ಇವು ಹೆಚ್ಚು ಒಪ್ಪುವಂಥ ಕಾರಣಗಳು. ನೆರೆಯ ಬ್ರಿಟಿಷ್ ದ್ವೀಪ ಟೊರ್ಟೋಲಾದಲ್ಲೂ ಎಡಗಡೆಯ ರಸ್ತೆಯಲ್ಲಿ ಅಮೆರಿಕದಿಂದ ಬಂದ ಎಡ ಸ್ಟೀರಿಂಗಿನ ಗಾಡಿಗಳು ಧಾರಾಳವಾಗಿ ಓಡಾಡುತ್ತವೆ. ಅಲ್ಲಿನ ರಸ್ತೆಗಳೋ ಇನ್ನಷ್ಟು ಕಡಿದು.

ತಮಾಷೆಯೆಂದರೆ, ಅಮೆರಿಕದ ಮುಖ್ಯಭೂಮಿಯಲ್ಲಿ ರಸ್ತೆಬದಿಯ ಡಬ್ಬಿಗೆ ಕಾಗದ ಹಾಕುವ ಅಂಚೆ ವ್ಯಾನುಗಳಿಗೆ ಸ್ಟೀರಿಂಗ್ ಬಲಕ್ಕಿರುತ್ತದೆ. ಅಂಥ ವ್ಯಾನನ್ನು ಈ ದ್ವೀಪಕ್ಕೆ ತಂದು ಬಿಟ್ಟರೆ ಅದೊಂದೇ ಇಲ್ಲಿನ ರಸ್ತೆಗೆ ಹೇಳಿ ಮಾಡಿಸಿದ ಅಮೆರಿಕನ್ ಗಾಡಿ ಆದೀತು.

ಎಡಗಡೆಯ ರಸ್ತೆಯಲ್ಲಿ ಎಡ ಸ್ಟೀರಿಂಗ್ ಅಪಾಯವೇ? ಇದನ್ನು ಒಂದಿಡೀ ದೇಶ ಪರೀಕ್ಷೆ ಮಾಡಿ ನೋಡಿದೆ. ಸ್ವೀಡನ್ನಿನಲ್ಲಿ 1967ರವರೆಗೆ ಇದೇ ಅವಸ್ಥೆ: ಎಡಗಡೆಯ ಸಂಚಾರ, ಬಹುಪಾಲು ಎಡ ಸ್ಟೀರಿಂಗಿನ ಕಾರುಗಳು. ಓವರ್‌ಟೇಕ್ ಮಾಡುವವನಿಗೆ ಎದುರಿನ ದಾರಿ ಕಾಣುವುದಿಲ್ಲ, ಮುಖಾಮುಖಿ ಡಿಕ್ಕಿಗೆ ಇದೇ ಕಾರಣ ಎಂಬುದು ಬದಲಾವಣೆ ಬೇಕೆಂದವರ ಮುಖ್ಯ ವಾದ. 1955ರ ಜನಮತದಲ್ಲಿ ಶೇ 83ರಷ್ಟು ಮಂದಿ ಬೇಡ ಎಂದಿದ್ದರೂ 1967ರ ಸೆಪ್ಟೆಂಬರ್ 3ರ ಮುಂಜಾನೆ ಸರ್ಕಾರ ದೇಶವನ್ನು ಬಲಕ್ಕೆ ತಿರುಗಿಸಿಯೇಬಿಟ್ಟಿತು. ಅಪಘಾತಗಳು ತಟ್ಟನೆ ಇಳಿದವು. ಆದರೆ ಕೆಲವೇ ವರ್ಷಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೇ ಬಂದು ಕೂತವು. ಜನ ಹೊಸದಕ್ಕೆ ಹೆದರಿ ಜೋಪಾನವಾಗಿ ಓಡಿಸಿದಷ್ಟು ದಿನ ಕ್ಷೇಮ, ಅಷ್ಟೆ.

ಸೇಂಟ್ ಥಾಮಸ್‌ನ ಬೆಟ್ಟದ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಜಾಗವೇ ಕಡಿಮೆ. ವೇಗದ ಮಿತಿ ಪಟ್ಟಣದೊಳಗೆ ಗಂಟೆಗೆ 20 ಮೈಲಿ, ಹೊರಗೆ 35. ಅಂಚಿನ ಬದಿಗೆ ಕೂತವನಿಗೆ ಚಕ್ರ ಎಲ್ಲಿದೆ, ಮೋರಿ ಎಲ್ಲಿದೆ ಎಂಬುದು ಚೆನ್ನಾಗಿಯೇ ಕಾಣುತ್ತದೆ. ಹೀಗಾಗಿ ಪ್ರವಾಸಿಗರ ಎದೆ ನಡುಗಿಸುವ ಈ ವಿಚಿತ್ರ, ನಿಜವಾದ ಅಪಾಯದ ಪಟ್ಟಿಯಲ್ಲಿ ಬಹಳ ಕೆಳಗೆ ಬರಬೇಕಾದದ್ದು. ಬಾಡಿಗೆ ಕಾರು ಹಿಡಿದು ತಾನೇ ಓಡಿಸಲು ಹೊರಟ ಬಲಗಡೆಯ ಅಭ್ಯಾಸದ ಪ್ರವಾಸಿಗನ ಮಾತು ಬೇರೆ.

ಅಪಾಯದ ಪಟ್ಟಿಯ ಮೇಲಿನ ಸಾಲುಗಳಿಗೆ ಸೇರಬೇಕಾದದ್ದು ಬ್ರೇಕು. ದ್ವೀಪದ ಅತಿ ಎತ್ತರದ ಕ್ರೌನ್ ಮೌಂಟನ್ ಬರೀ 474 ಮೀಟರ್. ನಮ್ಮ ಮಲೆನಾಡಿನವರು ಅದನ್ನು ಗುಡ್ಡ ಎಂದಾರು. ಆದರೆ ಆ ಎತ್ತರ ಕಡಲಂಚಿನಿಂದ ನೇರವಾಗಿ ಎದ್ದಿದೆ. ಡ್ರೇಕ್ಸ್ ಸೀಟ್ ಎಂಬ ನೋಟದ ತಾಣದಲ್ಲಿ ನಿಂತು ಕೆಳಗಿನ ಮೇಗನ್ಸ್ ಬೇ ನೋಡಿದರೆ, ಇಳಿಯಬೇಕಾದ ದಾರಿ ಪೂರ್ತಿ ಅರ್ಥವಾಗುತ್ತದೆ. ಐದು ಟನ್ ತೂಕದ ಗಾಡಿ 300 ಮೀಟರ್ ಕೆಳಗಿಳಿದರೆ ಹುಟ್ಟುವ ಶಕ್ತಿಯಿಂದ ಸುಮಾರು 50 ಲೀಟರ್ ತಣ್ಣೀರನ್ನು ಕುದಿಸಬಹುದು. ಚಾಲಕ ಚಿಕ್ಕ ಗೇರಿನಲ್ಲಿ ಇಳಿಸಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ದೊಡ್ಡ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಅಷ್ಟೂ ಬಿಸಿ ನಾಲ್ಕು ಚಕ್ರಗಳ ಬ್ರೇಕಿಗೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಹೀರಿದ ಹಳೆಯದಕ್ಕೆ 140 ಡಿಗ್ರಿಯೇ ಸಾಕಾಗಬಹುದು. ಕಡಲ ಗಾಳಿಯಲ್ಲಿ ತೇವಕ್ಕೇನು ಬರ? ಎಣ್ಣೆ ಕುದಿದು ಕೊಳವೆಯಲ್ಲಿ ಗುಳ್ಳೆ ಎದ್ದರೆ ಪೆಡಲ್ ಪೊಳ್ಳಾಗಿ ನೆಲ ಮುಟ್ಟುತ್ತದೆ. ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂದರೆ ಪ್ರಯಾಣಿಕ ಸುಮ್ಮನಿರಬಾರದು, ಗಾಡಿ ನಿಲ್ಲಿಸಿ ಎನ್ನಬೇಕು.

ಇನ್ನೊಂದು, ಸೀಟ್ ಬೆಲ್ಟ್. ಬೆಲ್ಟ್ ಇಲ್ಲದ ಬೆಂಚಿನ ಸಫಾರಿಗಳು ಇಲ್ಲಿ ಸಾಮಾನ್ಯ. ಪಕ್ಕ ತೆರೆದ ಗಾಡಿ ಮಗುಚಿದರೆ ಒಳಗಿದ್ದವರು ಒಳಗೇ ಉಳಿಯುವ ಭರವಸೆಯಿಲ್ಲ. ಗಾಳಿ, ನೋಟ, ಹಾಡು ಎಲ್ಲ ಇಷ್ಟವಾಗುವ ಈ ಗಾಡಿಯ ಬಗ್ಗೆ ಇಷ್ಟು ಕಟುವಾದ ಮಾತು ಬರೆಯಲು ಮನಸ್ಸಾಗುವುದಿಲ್ಲ. ಆದರೂ ಬರೆಯಬೇಕು.

ಮೂರನೆಯದು ಗಡಿಯಾರ. 2024ರ ಜನವರಿಯಲ್ಲಿ ಸಂಚಾರ ಶುರುಮಾಡಿದ ಐಕಾನ್ ಆಫ್ ದಿ ಸೀಸ್ ಹಡಗು ತುಂಬಿದರೆ 7,600 ಪ್ರಯಾಣಿಕರು. 2020ರ ಜನಗಣತಿಯ ಪ್ರಕಾರ ಸೇಂಟ್ ಥಾಮಸ್‌ನ ಜನಸಂಖ್ಯೆ 42,261. ದ್ವೀಪದ ಜನರಲ್ಲಿ ಆರನೇ ಒಂದು ಪಾಲನ್ನೂ ಮೀರಿದ ಗುಂಪು ಒಂದೇ ಹಡಗಿನಿಂದ ಬೆಳಗ್ಗೆ ಇಳಿಯುತ್ತದೆ, ಸಂಜೆಯೊಳಗೆ ಹತ್ತಿಬಿಡಬೇಕು. ಅಂಥ ಹಡಗುಗಳು ಒಂದೇ ದಿನ ಮೂರು ನಾಲ್ಕು ಬಂದರೆ ಚಾಲಕರಿಗೆ ಅದೇ ಸುಗ್ಗಿ. ಒಂದು ಸುತ್ತು ಹೆಚ್ಚು ಹೊಡೆದರೆ ಅಷ್ಟು ಸಂಪಾದನೆ. ಪ್ರವಾಸಿಗನಿಗೂ ಹಡಗು ತಪ್ಪುವ ಭಯ. ಇಬ್ಬರ ಅವಸರವೂ ಒಂದೇ ಇಳಿಜಾರಿನಲ್ಲಿ ಕೂಡುತ್ತದೆ.

ಹಳೆಯ ದುರಂತಗಳನ್ನು ತೆಗೆದು ನೋಡಿದರೂ ಇದೇ ಕಾಣುತ್ತದೆ. 2017ರ ಡಿಸೆಂಬರ್ 19ರಂದು ಮೆಕ್ಸಿಕೊದ ಕೆರಿಬಿಯನ್ ಕರಾವಳಿಯ ಮಹಹುವಾಲ್ ಬಳಿ, ಮಾಯಾ ನಾಗರಿಕತೆಯ ಅವಶೇಷ ನೋಡಲು ಹೊರಟಿದ್ದ ಕ್ರೂಸ್ ಪ್ರಯಾಣಿಕರ ಬಸ್ ಉರುಳಿ 12 ಮಂದಿ ಸತ್ತರು. ಬೆಟ್ಟವಿಲ್ಲ, ಕಂದಕವಿಲ್ಲ, ಕಾಡಿನ ನಡುವಿನ ಸಮತಟ್ಟಾದ ರಸ್ತೆ. ವೇಗ ಮತ್ತು ಅಜಾಗರೂಕತೆಯೇ ಕಾರಣವೆಂದರು ತನಿಖೆ ನಡೆಸಿದವರು. ಬೆಟ್ಟದ ರಸ್ತೆಯ ದುರಂತಕ್ಕೆ ಚಿಲಿಯದೊಂದು ಉದಾಹರಣೆ: 2006ರ ಮಾರ್ಚ್ 22ರಂದು ಅರಿಕಾ ಬಳಿ, ಲೌಕಾ ರಾಷ್ಟ್ರೀಯ ಉದ್ಯಾನ ನೋಡಿ ಸೆಲೆಬ್ರಿಟಿ ಇನ್ಫಿನಿಟಿ ಹಡಗಿಗೆ ಮರಳುತ್ತಿದ್ದವರ ಬಸ್ ಕಣಿವೆಗೆ ಉರುಳಿತು, 12 ಅಮೆರಿಕನ್ನರು ಸತ್ತರು. ಮೆಕ್ಸಿಕೊದ್ದು ಹಡಗಿನ ಕಂಪನಿಯೇ ಮಾರಿದ್ದ ಪ್ರವಾಸ, ಚಿಲಿಯದು ಪ್ರಯಾಣಿಕರು ತಾವೇ ಗೊತ್ತುಮಾಡಿಕೊಂಡದ್ದು. ಹಡಗಿನವರ ಮೂಲಕ ಹೋದರೆ ಕ್ಷೇಮ, ಬೀದಿಯಲ್ಲಿ ಹಿಡಿದರೆ ಅಪಾಯ ಎಂಬ ಕ್ರೂಸ್ ಜಾಹೀರಾತಿನ ಧಾಟಿ ಇಲ್ಲಿ ನಿಲ್ಲುವುದಿಲ್ಲ. ಹಡಗಿನವರಿಂದ ಕೊಂಡರೆ ತಡವಾದಾಗ ಹಡಗು ಕಾಯುತ್ತದೆ, ಇದು ದೊಡ್ಡ ಅನುಕೂಲ. ಅದನ್ನು ಮೀರಿ, ಬಸ್ಸು ಓಡಿಸುವವನು ಸ್ಥಳೀಯ ಗುತ್ತಿಗೆದಾರ, ಅವನ ತಪ್ಪಿಗೆ ನಾವು ಹೊಣೆಯಲ್ಲ ಎಂದೇ ಟಿಕೆಟ್ಟಿನ ಷರತ್ತುಗಳು ಸಾಮಾನ್ಯವಾಗಿ ಹೇಳುತ್ತವೆ.

ಆ ಷರತ್ತುಗಳಿಗೆ ಬೆಲೆ ಇಲ್ಲವೆಂದುಕೊಳ್ಳುವಂತಿಲ್ಲ. ಕಾರ್ನಿವಲ್ ಕಂಪನಿಯ ವಿರುದ್ಧ ವಾಷಿಂಗ್ಟನ್ ರಾಜ್ಯದ ದಂಪತಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಟಿಕೆಟ್ಟಿನಲ್ಲಿ ಅಚ್ಚಾದಂತೆ ಫ್ಲಾರಿಡಾದಲ್ಲೇ ದಾವೆ ಹೂಡಬೇಕು ಎಂದು 1991ರಲ್ಲಿ ತೀರ್ಪಿತ್ತಿತು. ಎದುರು ದಿಕ್ಕಿನ ತೀರ್ಪೂ ಇದೆ, ಅದು ಇದೇ ಸೇಂಟ್ ಥಾಮಸ್‌ನ ಸಫಾರಿಯೊಂದಕ್ಕೆ ಸಂಬಂಧಿಸಿದ್ದು. 2010ರ ಜುಲೈನಲ್ಲಿ ಕೋಕಿ ಬೀಚಿನಿಂದ ಹಡಗಿಗೆ ಮರಳುತ್ತಿದ್ದ ತೆರೆದ ಬಸ್ಸು ಗ್ಯಾಂಗುಗಳ ಗುಂಡಿನ ಕಾಳಗದ ನಡುವೆ ಸಿಕ್ಕಿ ಹುಡುಗಿಯೊಬ್ಬಳು ಸತ್ತಳು. ಪ್ರಯಾಣಿಕರು ಹೋಗುವರೆಂದು ನಿರೀಕ್ಷೆಯಿರುವ ಸ್ಥಳಗಳ ಗೊತ್ತಿರುವ ಅಪಾಯವನ್ನು ಮುಂಚಿತವಾಗಿ ಹೇಳುವ ಹೊಣೆ ಹಡಗು ಕಂಪನಿಗಿದೆ ಎಂದು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದ ಕನ್ನಡದ ಅಪ್ಪ ಅಮ್ಮಂದಿರನ್ನು ಮಯಾಮಿಯಿಂದ ಕ್ರೂಸ್ ಹತ್ತಿಸುವುದು ಈಗ ಮಾಮೂಲು. ಅವರಿಗೆ ಹೇಳಬೇಕಾದದ್ದು ಇಷ್ಟು. ಮೊಣಕಾಲು ನೋವಿನವರು, ವಯಸ್ಸಾದವರು ಸಫಾರಿಯ ಬದಲು ಬಾಗಿಲು, ಬೆಲ್ಟ್ ಇರುವ ವ್ಯಾನ್ ಕೇಳಿ ಪಡೆಯಲಿ. ತೆರೆದ ಗಾಡಿಯೇ ಆದರೆ ಬೆಂಚಿನ ತುದಿ ಬಿಟ್ಟು ನಡುವೆ ಕೂರಲಿ. ಹಡಗು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮರಳುವ ಲೆಕ್ಕವಿಟ್ಟು ಚಾಲಕನಿಗೆ ಅವಸರವಿಲ್ಲವೆಂದು ಬಾಯಿಬಿಟ್ಟು ಹೇಳಲಿ. ವಿಮೆಯಲ್ಲಿ ದಡದ ಅಪಘಾತವೂ ಸೇರಿದೆಯೇ ಎಂದು ಮಗ ಅಥವಾ ಮಗಳು ಮೊದಲೇ ಓದಿರಲಿ. ಗಾಯವಾದರೆ ಆರು ತಿಂಗಳೊಳಗೆ ಲಿಖಿತ ನೋಟಿಸ್, ಒಂದು ವರ್ಷದೊಳಗೆ ದಾವೆ: ದೊಡ್ಡ ಕ್ರೂಸ್ ಕಂಪನಿಗಳ ಟಿಕೆಟ್ಟುಗಳಲ್ಲಿ ಸಾಮಾನ್ಯವಾಗಿ ಇರುವ ಗಡುವು ಇದು.