ನಿಂತಾಗ ಕಾಯುವ ಎಂಜಿನ್, ಓಡಿದಾಗ ತಣಿಯುವ ಎಂಜಿನ್

ಮೇ ತಿಂಗಳ ಮಧ್ಯಾಹ್ನ ಸಯನ್‌ನಿಂದ ವಾಶಿಯ ಕಡೆಗೆ ಸಾಗುವ ಹಾದಿಯಲ್ಲಿ ಬಾನೆಟ್ ತೆರೆದು ನಿಂತ ಕಾರುಗಳನ್ನು ಕಾಣದ ಮುಂಬಯಿ ಕನ್ನಡಿಗರು ವಿರಳ. ಬೇಸಿಗೆಯ ರಜೆಯಲ್ಲಿ ಊರಿಗೆಂದು ಹೊರಟ ಸಂಸಾರ, ಡಿಕ್ಕಿಯ ತುಂಬ ಸಾಮಾನು, ಒಳಗೆ ಬೆವರುತ್ತಿರುವ ಮಕ್ಕಳು, ಮುಂದೆ ಬುಸುಗುಟ್ಟುವ ಹಬೆ. ನಮಗೂ ಒಂದು ವರ್ಷ ಇದೇ ಗತಿ ಒದಗಿತ್ತು. ಗ್ಯಾರೇಜಿನವರು ಮೊದಲು ರೇಡಿಯೇಟರ್ ತೊಳೆದರು, ಆಮೇಲೆ ವಾಟರ್ ಪಂಪ್ ಬದಲಾಯಿಸಿದರು. ಹಣ ಕರಗಿತೇ ಹೊರತು ರೋಗ ಕರಗಲಿಲ್ಲ. ಕೊನೆಗೆ ಕಾರಿನ ವಿದ್ಯುತ್ ಕೆಲಸ ಬಲ್ಲ ಹಿರಿಯರೊಬ್ಬರು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ರಿಲೇಯನ್ನು ಕಿತ್ತು ಹೊಸದನ್ನು ಹಾಕಿದರು, ಎಂಜಿನ್ ಸುಮ್ಮನಾಯಿತು. ನಮ್ಮ ಕಾರು ದಟ್ಟಣೆಯಲ್ಲಿ ಮಾತ್ರ ಕಾಯುತ್ತಿತ್ತು, ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ತಣ್ಣಗಿರುತ್ತಿತ್ತು. ಈ ಒಂದು ಸಂಗತಿಯನ್ನು ಮೊದಲೇ ಗಮನಿಸಿದ್ದರೆ ಅಷ್ಟು ಅಲೆದಾಟ ಬೇಕಿರಲಿಲ್ಲ.

ಕಾರಣ ಸರಳವಾಗಿದೆ. ಇಂಧನ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಕೂಲಂಟ್ ಎಂಬ ದ್ರವ ಹೊತ್ತೊಯ್ಯುತ್ತದೆ. ಪಂಪ್ ಅದನ್ನು ರೇಡಿಯೇಟರಿಗೆ ತಳ್ಳುತ್ತದೆ. ಅಲ್ಲಿ ಗಾಳಿ ತಾಗಿ ಅದು ತಣಿಯಬೇಕು. ಕಾರು ಓಡುತ್ತಿರುವಾಗ ಎದುರುಗಾಳಿಯೇ ಸಾಕು, ಫ್ಯಾನಿನ ಹಂಗಿಲ್ಲ. ನಿಂತಾಗಲಾದರೋ ಫ್ಯಾನೊಂದೇ ಗತಿ. ಆದುದರಿಂದ ಸಿಗ್ನಲ್ಲಿನಲ್ಲಿ ಮುಳ್ಳು ಮೇಲೇರಿ, ಹತ್ತು ನಿಮಿಷ ಓಡಿಸಿದೊಡನೆ ಇಳಿದರೆ, ಮೊದಲ ಶಂಕೆ ಫ್ಯಾನಿನ ಮೇಲೆ. ಬದಲಾಗಿ ವೇಗದಲ್ಲಿ ಅಥವಾ ಏರಿನಲ್ಲಿ ಕಾಯುವುದಾದರೆ ದ್ರವದ ಸಂಚಾರವನ್ನು ಶಂಕಿಸಬೇಕು: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪ್, ತೆರೆಯದ ಥರ್ಮೋಸ್ಟಾಟ್.

ಫ್ಯಾನಿನ ಪರೀಕ್ಷೆಯನ್ನು ಮನೆಯಂಗಳದಲ್ಲೇ ಮಾಡಬಹುದು. ಎಂಜಿನ್ ಚಾಲೂ ಮಾಡಿ ಏಸಿ ಹಾಕಿರಿ. ಬಹುತೇಕ ಕಾರುಗಳಲ್ಲಿ ತುಸು ಹೊತ್ತಿಗೆ ಫ್ಯಾನ್ ತಿರುಗಬೇಕು. ಏಸಿಗೆ ತಿರುಗಿ, ಬರಿಯ ಶಾಖಕ್ಕೆ ತಿರುಗದಿದ್ದರೆ ಮೋಟಾರು ಸರಿಯಿದೆ ಎಂದಾಯಿತು. ತಾಪಮಾನವನ್ನು ಅಳೆಯುವ ಸೆನ್ಸರ್ ಅಥವಾ ಅದರ ತಂತಿಯನ್ನು ನೋಡಬೇಕು. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ಅನಂತರ ರಿಲೇ, ಅನಂತರ ಜೋಡಣೆಯ ಪ್ಲಗ್, ಕೊನೆಗೆ ಮೋಟಾರು. ಅಗ್ಗದ್ದರಿಂದ ದುಬಾರಿಯದರ ಕಡೆಗೆ ಸಾಗುವುದೇ ಇಲ್ಲಿ ಜಾಣತನ. ನಮ್ಮ ಅನುಭವದಲ್ಲಿ ಗ್ಯಾರೇಜುಗಳು ಸಾಗುವುದು ವಿರುದ್ಧ ದಿಕ್ಕಿನಲ್ಲಿ. ಒಂದು ಎಚ್ಚರಿಕೆ: ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ಥಟ್ಟನೆ ತಿರುಗಬಹುದು, ಬೆರಳು ದೂರವಿರಲಿ.

ಫ್ಯಾನ್ ತಿರುಗಿಯೂ ಕಾಯುವುದುಂಟು. ಏಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇರುವುದರಿಂದ ಇವೆರಡರ ನಡುವೆ ಧೂಳು, ಹುಳ, ಪ್ಲಾಸ್ಟಿಕ್ ಚೂರು ಸೇರಿ ಗಾಳಿಗೆ ತಡೆಯಾಗುತ್ತದೆ. ಮೋಟಾರು ಬದಲಿಸುವಾಗ ತಂತಿ ಅದಲುಬದಲಾಗಿ ಫ್ಯಾನ್ ಹಿಮ್ಮುಖವಾಗಿ ತಿರುಗುವುದೂ ಇದೆ. ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿದರೆ ಗಾಳಿ ಒಳಗೆಳೆಯುತ್ತಿದೆಯೋ ಹೊರದೂಡುತ್ತಿದೆಯೋ ತಿಳಿಯುತ್ತದೆ.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬರಿಯ ಮುಚ್ಚಳವಲ್ಲ, ಒತ್ತಡದ ಕವಾಟ. ನಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇಲ್ಲಿಯೂ. ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ ದ್ರವದ ಕುದಿಬಿಂದು ಸುಮಾರು 20 ಡಿಗ್ರಿ ಮೇಲೇರುತ್ತದೆ. ರಬ್ಬರು ಸವೆದ ಮುಚ್ಚಳ ಈ ರಕ್ಷಣೆಯನ್ನು ಕಳೆದುಬಿಡುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದನ್ನು ತಿರುಗಿಸಿದರೆ ಕುದಿನೀರು ಮುಖಕ್ಕೆ ಚಿಮ್ಮುವುದೂ ಇದೇ ಕಾರಣಕ್ಕೆ.

ಥರ್ಮೋಸ್ಟಾಟಿನ ಬಗ್ಗೆ ನಾವು ಸ್ವಲ್ಪ ಹೆಚ್ಚು ಹೇಳಲೇಬೇಕು. ‘ನಮ್ಮದು ಉಷ್ಣ ದೇಶ, ಇದು ಬೇಡ’ ಎಂದು ಅದನ್ನು ಕಿತ್ತೆಸೆಯುವ ಮೆಕ್ಯಾನಿಕರು ಇಂದಿಗೂ ಇದ್ದಾರೆ. ಅದರ ಕೆಲಸವೆಂದರೆ ಎಂಜಿನ್ ಬೇಗ ಬಿಸಿಯೇರಲು ದ್ರವವನ್ನು ತಡೆದಿಟ್ಟು, ಸುಮಾರು 82ರಿಂದ 88 ಡಿಗ್ರಿಗೆ ತೆರೆದುಕೊಳ್ಳುವುದು. ಕಿತ್ತರೆ ಎಂಜಿನ್ ತಕ್ಕ ಬಿಸಿಗೆ ಬಾರದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ದ್ರವವು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಯಾವ ಕಾಯಿಲೆಗೆ ಕಿತ್ತರೋ ಅದೇ ಕಾಯಿಲೆ ಉಲ್ಬಣಿಸುತ್ತದೆ. ಕೆಟ್ಟಿದ್ದರೆ ಹೊಸದನ್ನು ಹಾಕಿಸಿರಿ, ಖಾಲಿ ಬಿಡಬೇಡಿರಿ.

ಕೂಲಂಟಿನ ಬದಲು ನಲ್ಲಿ ನೀರು ಹಾಕುವವರ ತರ್ಕವೂ ಇಂಥದೇ: ಮುಂಬಯಿಯಲ್ಲಿ ಹಿಮ ಬೀಳುವುದಿಲ್ಲವಲ್ಲ! ನಿಜ. ಆದರೆ ಕೂಲಂಟ್ ಕುದಿಬಿಂದುವನ್ನೂ ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ. ಕೊಳವೆಬಾವಿಯ ಗಡಸು ನೀರು ಮನೆಯ ಗೀಸರಿನಲ್ಲಿ ಮಾಡುವುದನ್ನೇ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಮಾಡುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ನೀರು ಹಾಕಿದರೆ, ಊರು ಮುಟ್ಟಿದ ಮೇಲೆ ಅದನ್ನು ತೆಗೆಸಿ ಕೂಲಂಟ್ ತುಂಬಿಸಬೇಕು.

ದಟ್ಟಣೆಯ ನಡುವೆ ಮುಳ್ಳು ಏರತೊಡಗಿದರೆ ಮೊದಲು ಏಸಿ ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿರಿ. ಮೇ ತಿಂಗಳಲ್ಲಿ ಇದು ಶಿಕ್ಷೆಯೇ ಸರಿ. ಆದರೆ ಹೀಟರ್ ಎಂಬುದು ಇನ್ನೊಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಶಾಖವನ್ನು ಹೊರಹಾಕುತ್ತದೆ. ಕೆಂಪು ದೀಪ ಬಂದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಲೇಬೇಕು. ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬಾರದು, ಕಾದ ಲೋಹದ ಮೇಲೆ ತಣ್ಣೀರು ಸುರಿಯಬಾರದು. ‘ಮುಂದಿನ ಪೆಟ್ರೋಲ್ ಪಂಪಿನವರೆಗೆ ಹೋಗೋಣ’ ಎಂಬ ಆಸೆಯೇ ದುಬಾರಿ. ಅಲ್ಯೂಮಿನಿಯಂನ ಸಿಲಿಂಡರ್ ಹೆಡ್ ಅತಿ ಶಾಖಕ್ಕೆ ಬಾಗಿ, ಹೆಡ್ ಗ್ಯಾಸ್ಕೆಟ್ ಸೀಳಿದರೆ ಎಂಜಿನ್ ಬಿಚ್ಚದೆ ಗತ್ಯಂತರವಿಲ್ಲ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುವುದು, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿರುವುದು, ಕೂಲಂಟಿನಲ್ಲಿ ಎಡೆಬಿಡದೆ ಗುಳ್ಳೆ ಏಳುವುದು ಇದರ ಲಕ್ಷಣಗಳು.

ಇತ್ತೀಚಿನ ಅನೇಕ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪವೊಂದೇ; ಅದು ಬೆಳಗುವ ಹೊತ್ತಿಗೆ ತಡವಾಗಿರುತ್ತದೆ. 2023ರಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳ ಚಾಲಕರು ಮೂಗಿಗೆ ಬಡಿಯುವ ವಾಸನೆಯಿಂದಲೇ ಇದನ್ನು ತಿಳಿಯುತ್ತಿದ್ದರೆಂದು ನಮಗೆ ನೆನಪು. ಪುಣೆ ದಾಟಿ ಸಾತಾರಾದ ಹಾದಿಯಲ್ಲಿ ಖಂಬಾಟ್ಕಿ ಘಾಟಿ ಏರುವಾಗ ಕಡಿಮೆ ವೇಗವೂ ಹೆಚ್ಚು ಭಾರವೂ ಒಟ್ಟಿಗೆ ಬರುತ್ತವೆ. ದುರ್ಬಲ ಫ್ಯಾನೂ ಕಟ್ಟಿಕೊಂಡ ರೇಡಿಯೇಟರೂ ಎರಡೂ ಬಯಲಾಗುವುದು ಅಲ್ಲಿಯೇ. ಹೊರಡುವ ಹಿಂದಿನ ಭಾನುವಾರ, ಎಂಜಿನ್ ತಣ್ಣಗಿರುವಾಗ, ಕೂಲಂಟಿನ ಮಟ್ಟ ನೋಡಿ ಫ್ಯಾನ್ ಒಮ್ಮೆ ತಿರುಗಿಸಿ ನೋಡಲು ಕಾಲು ಗಂಟೆ ಸಾಕು.