ಸ್ವಾಧೀನ ತಪ್ಪಿದ ಕೈಗೆ ಬಿಸಿ, ತಂಪು

ನಮ್ಮ ಕಡೆ ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದರೆ ಸಾಕು, ಶಾಖ ಶುರುವಾಗುತ್ತದೆ. ಹರಳೆಣ್ಣೆ ಸವರಿ ಎಕ್ಕದ ಎಲೆ ಬಿಸಿ ಮಾಡಿ ಇಡುವವರಿದ್ದಾರೆ. ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವವರಿದ್ದಾರೆ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೊ, ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡ್, ಆಸ್ಟಿನ್ ಪಕ್ಕದ ರೌಂಡ್‌ರಾಕ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಎಕ್ಕದ ಎಲೆ ಸಿಗಲಿಕ್ಕಿಲ್ಲ. ಆದರೆ ಔಷಧಿ ಅಂಗಡಿಯಲ್ಲಿ ಹೀಟಿಂಗ್ ಪ್ಯಾಡ್ ಇದೆ, ಫ್ರೀಜರಿನಲ್ಲಿ ಐಸ್ ಪ್ಯಾಕ್ ಇದೆ. ಊರಿನಿಂದ ಬಂದ ಅಪ್ಪನಿಗೋ ಅಮ್ಮನಿಗೋ ಪಾರ್ಶ್ವವಾಯು ಆದಾಗ ಮಕ್ಕಳ ಕೈ ಮೊದಲು ಹೋಗುವುದು ಅವುಗಳ ಕಡೆಗೇ. ಏನಾದರೂ ಮಾಡಬೇಕೆಂಬ ತಹತಹ ಅದು, ಸಹಜವಾದದ್ದು. ಈ ಬಿಸಿ–ತಂಪಿನ ಉಪಚಾರದಲ್ಲಿ ಒಂದಷ್ಟು ವಿಜ್ಞಾನವೂ ಇದೆ, ಒಂದು ದೊಡ್ಡ ಅಪಾಯವೂ ಇದೆ.

ಕೈ ಬಿದ್ದುಹೋಯಿತು ಎನ್ನುತ್ತೇವೆ. ಆದರೆ ಬಿದ್ದದ್ದು ಕೈ ಅಲ್ಲ. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತು, ಅಥವಾ ರಕ್ತನಾಳ ಒಡೆದು, ಎದುರು ಬದಿಯ ಕೈಗೆ ಅಪ್ಪಣೆ ಕೊಡುವ ನರಕೋಶಗಳು ಸತ್ತಿರುತ್ತವೆ. ಸ್ನಾಯು, ಮೂಳೆ, ಕೀಲುಗಳೆಲ್ಲ ಆ ದಿನ ಹಾಗೇ ಇರುತ್ತವೆ. ಬಳಕೆಯಿಲ್ಲದೆ ಸೊರಗುವುದೂ ಬಿಗಿಯುವುದೂ ಆಮೇಲೆ. ತೋಳಿನ ಮೇಲಿಟ್ಟ ಶಾಖ ಮಿದುಳಿನ ಗಾಯವನ್ನು ಮುಟ್ಟುವುದಿಲ್ಲ. ಮಿದುಳಿನ ಮಟ್ಟಿಗೆ ಅದರಿಂದ ಆಗಬಹುದಾದದ್ದು ಒಂದೇ: ಕೈಯಿಂದ ಮಿದುಳಿಗೆ ಒಂದು ಗಟ್ಟಿಯಾದ ಸುದ್ದಿ ಕಳಿಸುವುದು.

ಆ ಸುದ್ದಿ ಹೋಗುವ ದಾರಿ ಈಗ ಚೆನ್ನಾಗಿ ಗೊತ್ತಿದೆ. ಮೆಣಸಿನಕಾಯಿಯ ಖಾರಕ್ಕೂ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ತೆರೆದುಕೊಳ್ಳುವ ಒಂದೇ ಪ್ರೋಟೀನ್ ನರಗಳ ತುದಿಯಲ್ಲಿ ಇದೆಯೆಂದು ಡೇವಿಡ್ ಜೂಲಿಯಸ್ 1997ರಲ್ಲಿ ತೋರಿಸಿದರು. 2002ರಲ್ಲಿ ಅವರೂ ಆರ್ಡೆಮ್ ಪಟಪೂಟಿಯನ್ ಅವರೂ ಬೇರೆ ಬೇರೆಯಾಗಿ ತಂಪನ್ನು ಗುರುತಿಸುವ ಪ್ರೋಟೀನನ್ನು ಕಂಡುಹಿಡಿದರು. ಪುದೀನದ ಮೆಂಥಾಲ್ ತಣ್ಣಗೆನಿಸುವುದು ಇದರಿಂದಲೇ. 2021ರ ವೈದ್ಯಕೀಯ ನೊಬೆಲ್ ಅವರಿಬ್ಬರಿಗೆ ಬಂತು. ಈ ನರತುದಿಗಳಿಂದ ಹೊರಟ ಸಂಕೇತ ಬೆನ್ನುಹುರಿಯಲ್ಲಿ ಎದುರು ಬದಿಗೆ ದಾಟಿ, ಮಿದುಳಿನೊಳಗಿನ ಥಾಲಮಸ್ ಮೂಲಕ ಅದರ ಹೊರಪದರವನ್ನು ಸೇರುತ್ತದೆ. ಸುಡುವುದರಿಂದ ಕೈ ಹಿಂದೆಳೆಯುವುದು ಪ್ರಾಣಿಮಾತ್ರದ ಹಳೆಯ ಚಲನೆ. ಆದ್ದರಿಂದ ಬಿಸಿ–ತಂಪಿನ ಅರಿವಿಗೂ ಚಲನೆಗೂ ನಂಟು ಆಳವಾಗಿದೆ.

ಈ ನಂಟನ್ನು ಚಿಕಿತ್ಸೆಗೆ ಬಳಸಬಹುದೇ ಎಂದು ಕ್ರಮವಾಗಿ ಪರೀಕ್ಷಿಸಿದವರು ತೈವಾನಿನ ಸಂಶೋಧಕರು. 2005ರಲ್ಲಿ ‘ಸ್ಟ್ರೋಕ್’ ಪತ್ರಿಕೆಯಲ್ಲಿ ಅವರ ವರದಿ ಬಂತು. ಹೊಸದಾಗಿ ಪಾರ್ಶ್ವವಾಯು ಆದ 46 ಜನರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮಾಮೂಲಿ ಫಿಜಿಯೋಥೆರಪಿ. ಒಂದು ಗುಂಪಿಗೆ ಅದರ ಜೊತೆಗೆ ಬಿಸಿ, ತಂಪು. ಬಿಸಿ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ ಕೈಗೆ ತಾಗಿಸುವುದು, ಆಮೇಲೆ ತಣ್ಣನೆಯ ಪ್ಯಾಕ್. ತಡೆಯಲಾಗದೆನಿಸಿದಾಗ ರೋಗಿ ತಾನೇ ಕೈ ಎಳೆದುಕೊಳ್ಳಲು ಪ್ರಯತ್ನಿಸಬೇಕು. ಆರು ವಾರ ಪೂರೈಸಿದವರು 29 ಜನ. ಬಿಸಿ–ತಂಪು ಪಡೆದವರಲ್ಲಿ ಮಣಿಕಟ್ಟನ್ನು ಮೇಲೆತ್ತುವ ಸಾಮರ್ಥ್ಯ, ಸ್ಪರ್ಶದ ಅರಿವು ಹೆಚ್ಚು ಸುಧಾರಿಸಿದ್ದವು. ಮುಷ್ಟಿಯ ಹಿಡಿತದಲ್ಲಿ ಅಂಥ ಲಾಭ ಕಾಣಲಿಲ್ಲ. ಸಣ್ಣ ಅಧ್ಯಯನ, ಆಶಾದಾಯಕ ಫಲ. ಅದಕ್ಕಿಂತ ಹೆಚ್ಚು ಹೇಳಬಾರದು.

ಮುಂದೆ 2017ರಲ್ಲಿ ತೈವಾನಿನಿಂದಲೇ ಬಂದ ಇನ್ನೊಂದು ಅಧ್ಯಯನವನ್ನು ನಾನು ಇದಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ನೋವಾಗುವಷ್ಟು ಬಿಸಿ–ತಂಪನ್ನೂ ಹಿತವಾದ ಬಿಸಿ–ತಂಪನ್ನೂ ಅದು ಹೋಲಿಸಿ ನೋಡಿತು. ಆರು ತಿಂಗಳವರೆಗೆ ಗಮನಿಸಿದರೂ ಕೈಯ ಚೇತರಿಕೆಯಲ್ಲಿ ವ್ಯತ್ಯಾಸವಿರಲಿಲ್ಲ. ಚುರುಗುಟ್ಟಿದರೇ ನರ ಎಚ್ಚರಾಗುವುದು ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಆ ಮಾತಿಗೆ ಇಲ್ಲಿ ಆಧಾರ ಸಿಗಲಿಲ್ಲ.

ಇನ್ನು ಟೆಕ್ಸಾಸಿಗೆ ಬರೋಣ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳ ಪ್ರಯೋಗಾಲಯಗಳು ಬಿಸಿ–ತಂಪಿನ ಮೇಲೆ ಕೆಲಸ ಮಾಡಿದ್ದಕ್ಕಾಗಿ ಹೆಸರಾದವಲ್ಲ. ಆದರೆ ಕೈಯಿಂದ ಹೋದ ಸುದ್ದಿಯನ್ನು ಮಿದುಳು ಯಾವಾಗ ಕಲಿಕೆಯಾಗಿ ಬದಲಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಡಲ್ಲಾಸಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಮೈಕೆಲ್ ಕಿಲ್ಗಾರ್ಡ್ ಮತ್ತು ಸಂಗಡಿಗರು ಕುತ್ತಿಗೆಯಲ್ಲಿ ಹಾದುಹೋಗುವ ವೇಗಸ್ ನರವನ್ನು ಹಿಡಿದರು. ಅದಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಮಿದುಳಿನಲ್ಲಿ ಕಲಿಕೆಗೆ ಬೇಕಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಪಾರ್ಶ್ವವಾಯು ಉಂಟುಮಾಡಿದ ಇಲಿಗಳಲ್ಲಿ, ಮುಂಗಾಲು ಚಲಿಸುವ ಕ್ಷಣಕ್ಕೇ ಮಿಡಿತ ಕೊಟ್ಟಾಗ ಚೇತರಿಕೆ ಚೆನ್ನಾಗಿ ಆಯಿತು. ತರಬೇತಿ ಮುಗಿದ ಮೇಲೆ ಕೊಟ್ಟರೆ ಅಷ್ಟು ಫಲ ಸಿಗಲಿಲ್ಲ. ಮಿಡಿತ ಒಂದೇ, ಹೊತ್ತು ಬೇರೆ.

ಡಲ್ಲಾಸಿನ ಆ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಈಗ ಆಸ್ಟಿನ್‌ನಲ್ಲಿರುವ ಮೈಕ್ರೋಟ್ರಾನ್ಸ್‌ಪಾಂಡರ್ ಕಂಪನಿ ಇದನ್ನು ಮನುಷ್ಯರಿಗೆ ಒಗ್ಗಿಸಿತು. 108 ಜನರ ಮೇಲೆ ಅಮೆರಿಕ, ಬ್ರಿಟನ್‌ಗಳಲ್ಲಿ ನಡೆದ ಪರೀಕ್ಷೆ 2021ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಎಲ್ಲರಿಗೂ ಪಾರ್ಶ್ವವಾಯು ಆಗಿ ಒಂಬತ್ತು ತಿಂಗಳಿಂದ ಹತ್ತು ವರ್ಷ ಕಳೆದಿತ್ತು. ಸಾಮಾನ್ಯವಾಗಿ ಇನ್ನಾಗದು ಎಂದು ಕೈಬಿಡುವ ಹಂತ ಅದು. ಎಲ್ಲರ ಎದೆಯ ಚರ್ಮದಡಿ ಸಾಧನ ಇಟ್ಟು, ಅರ್ಧದಷ್ಟು ಜನರಿಗೆ ಮಾತ್ರ ವ್ಯಾಯಾಮದ ಚಲನೆಯ ಹೊತ್ತಿಗೆ ಸರಿಯಾಗಿ ಪೂರ್ಣ ಮಿಡಿತ ಕೊಟ್ಟರು. ಆರು ವಾರ ಚಿಕಿತ್ಸಾ ಕೇಂದ್ರದಲ್ಲಿ, ಆಮೇಲೆ ಮನೆಯಲ್ಲಿ. ಮೂರು ತಿಂಗಳ ಬಳಿಕ ಗಮನಾರ್ಹ ಸುಧಾರಣೆ ಕಂಡವರು ಮಿಡಿತದ ಗುಂಪಿನಲ್ಲಿ ನೂರಕ್ಕೆ 47, ಇನ್ನೊಂದರಲ್ಲಿ 24. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆ 24ನ್ನೂ ಮರೆಯಬಾರದು. ಪೂರ್ಣ ಮಿಡಿತವಿಲ್ಲದೆ, ಬಿಗಿಯಾದ ಅಭ್ಯಾಸದಿಂದಲೇ ನಾಲ್ವರಲ್ಲಿ ಒಬ್ಬರಿಗೆ, ಅದೂ ವರ್ಷಗಳ ನಂತರ, ಉಪಯೋಗವಾಗಿದೆ.

ಇದನ್ನು ಶಾಖಕ್ಕೆ ಅನ್ವಯಿಸಿ ನಾನು ಮಾಡುವ ಊಹೆ ಹೀಗಿದೆ. ಸಾಬೀತಾದ ಮಾತೆಂದು ತೆಗೆದುಕೊಳ್ಳಬೇಡಿ. ತೈವಾನಿನ ವಿಧಾನದ ಸಾರ ಬಹುಶಃ ಬಿಸಿಯಲ್ಲಿಲ್ಲ, ಬಿಸಿ ತಾಗಿದಾಗ ಕೈ ಎಳೆದುಕೊಳ್ಳುವ ಪ್ರಯತ್ನದಲ್ಲಿದೆ. ಅರಿವು, ಚಲನೆ ಎರಡೂ ಒಂದೇ ಹೊತ್ತಿಗೆ ಕೂಡಿಬಂದರೆ ಮಿದುಳು ಅವನ್ನು ಹೆಣೆಯುತ್ತದೆ. ಟಿವಿ ನೋಡುತ್ತ ಅರ್ಧ ಗಂಟೆ ಕೈಮೇಲೆ ಪ್ಯಾಡ್ ಇಟ್ಟುಕೊಂಡು ಮಲಗಿದರೆ ಹಿತವೆನಿಸುತ್ತದೆ, ಅಷ್ಟೆ.

ಆಸ್ಟಿನ್‌ನಲ್ಲಿ ಥೆರೇಸಾ ಜೋನ್ಸ್ ಅವರ ಪ್ರಯೋಗಾಲಯ ಕಂಡದ್ದು ಮನೆಮಂದಿ ಅರಿಯಲೇಬೇಕಾದ ಸಂಗತಿ. ಮಿದುಳಿನ ಒಂದು ಬದಿಗೆ ಪೆಟ್ಟಾದ ಇಲಿಗಳಿಗೆ ಸರಿಯಿರುವ ಮುಂಗಾಲಿನಲ್ಲೇ ಹೊಸ ಕೌಶಲ ಕಲಿಸಿದರೆ, ಸೋತ ಮುಂಗಾಲಿನ ಚೇತರಿಕೆ ಇನ್ನಷ್ಟು ಹಿಂದೆ ಬೀಳುತ್ತದೆ. ಮಿದುಳು ಗೆದ್ದ ಕೈಗೆ ಜಾಗ ಬಿಟ್ಟುಕೊಡುತ್ತದೆ. ನಮ್ಮ ಮನೆಗಳಲ್ಲಿ ಸೋತ ಕೈಗೆ ಅವಕಾಶವೇ ಸಿಗದಂತೆ ಪ್ರೀತಿಯಿಂದ ತುತ್ತು ಕಲಸಿಕೊಡುತ್ತೇವೆ, ಗುಂಡಿ ಹಾಕಿಕೊಡುತ್ತೇವೆ. ಸೋತ ಕೈ ಲೋಟ ಹಿಡಿಯಲು ತಡಕಾಡುವುದನ್ನು ನೋಡುತ್ತ ಸುಮ್ಮನಿರುವುದು ಕಷ್ಟ. ಆದರೂ ಆ ತಡಕಾಟವೇ ಚಿಕಿತ್ಸೆ. ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಮಾರ್ಸಿಯಾ ಓಮ್ಯಾಲಿ ಅವರ ತಂಡ ತೋಳಿಗೆ ತೊಡಿಸುವ ಯಂತ್ರವನ್ನು ಕಟ್ಟಿ, ಟಿಐಆರ್‌ಆರ್ ಪುನಶ್ಚೇತನ ಆಸ್ಪತ್ರೆಯ ಜೊತೆ ಪರೀಕ್ಷಿಸಿದ್ದೂ ಇದೇ ಕಾರಣಕ್ಕೆ: ಬೇಸರವಿಲ್ಲದೆ, ಲೆಕ್ಕ ತಪ್ಪದೆ, ಮತ್ತೆ ಮತ್ತೆ ಅದೇ ಚಲನೆ ಮಾಡಿಸುವುದಕ್ಕೆ.

ಹಾಗಾದರೆ ಮನೆಯ ಶಾಖಕ್ಕೆ ಜಾಗವೆಲ್ಲಿ? ವ್ಯಾಯಾಮಕ್ಕೆ ಮುಂಚೆ. ಬಿಗಿದ ಬೆರಳು, ಮಣಿಕಟ್ಟುಗಳನ್ನು ಹಿತವಾದ ಬಿಸಿ ಸ್ವಲ್ಪ ಸಡಿಲಿಸುತ್ತದೆ. ತಂಪು ನರಸಂಕೇತದ ವೇಗ ತಗ್ಗಿಸಿ, ಬಿಗಿತವನ್ನು ಕೊಂಚ ಹೊತ್ತು ಇಳಿಸುತ್ತದೆ. ಈ ಸಡಿಲಿಕೆ ಬೇಗ ಕರಗುವಂಥದ್ದು; ಅಷ್ಟರೊಳಗೆ ಕೈಯನ್ನು ಕೆಲಸಕ್ಕೆ ಹಚ್ಚಬೇಕು.

ಅಪಾಯ ಇರುವುದು ಮರಗಟ್ಟಿದ ಕೈಯಲ್ಲಿ. ಬಿಸಿಯ ಅರಿವೇ ಇಲ್ಲದ ಚರ್ಮ ಸುಟ್ಟದ್ದು ಬೊಬ್ಬೆಯೆದ್ದ ಮೇಲೆಯೇ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಗಾಯ ಮಾಯುವುದು ನಿಧಾನ. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ, 49 ಡಿಗ್ರಿಯದಕ್ಕೆ ಕೆಲವು ನಿಮಿಷ ಬೇಕು. 44 ಡಿಗ್ರಿಯಷ್ಟು ಬಿಸಿಯೂ ಗಂಟೆಗಟ್ಟಲೆ ಒಂದೇ ಕಡೆ ತಾಗಿದ್ದರೆ ಚರ್ಮ ಸುಡಬಲ್ಲದು. ಹೀಟಿಂಗ್ ಪ್ಯಾಡ್ ಹಾಕಿಕೊಂಡು ನಿದ್ದೆ ಹೋಗಬಾರದೆನ್ನುವುದು ಇದಕ್ಕೇ.

ಟೆಕ್ಸಾಸಿನಲ್ಲಿರುವವರು ಮನೆಯ ವಾಟರ್ ಹೀಟರನ್ನು 120 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಆ 49ಕ್ಕೆ, ಇಂದೇ ಇಳಿಸಿ. ಶಾಖವನ್ನೂ ಐಸನ್ನೂ ಬಟ್ಟೆಯಿಲ್ಲದೆ ತಾಗಿಸಬೇಡಿ. ಮೊದಲು ನಿಮ್ಮ ಕೈಮೇಲೆ, ಆಮೇಲೆ ರೋಗಿಯ ಸರಿಯಿರುವ ಕೈಮೇಲೆ ನೋಡಿ, ಕೊನೆಗೆ ಸೋತ ಕೈಗೆ. ಶುರು ಮಾಡುವ ಮುನ್ನ ಫಿಜಿಯೋಥೆರಪಿಸ್ಟ್ ಒಮ್ಮೆ ಆ ಕೈಯ ಸ್ಪರ್ಶಜ್ಞಾನ ಪರೀಕ್ಷಿಸಲಿ. ಪ್ಯಾಕ್ ತೆಗೆದ ಕೂಡಲೇ ಆ ಕೈಗೆ ಒಂದು ಲೋಟ ಕೊಡಿ.